ಇಲ್ಲದ ಅಂಗಡಿಗೆ ಬಂದ ಅಳತೆ ಬ್ಲೌಸ್

ಒಂದು ಕಾಲದಲ್ಲಿ ನಾನೊಂದು ಬಟ್ಟೆ ಅಂಗಡಿ ನಡೆಸುತ್ತಿದ್ದೆ. ಅಂಗಡಿಗೆ ಬಾಗಿಲಿರಲಿಲ್ಲ, ಒಳಗೆ ಬಟ್ಟೆಯೂ ಇರಲಿಲ್ಲ. ಇದ್ದದ್ದು ಒಂದು ವೆಬ್‌ಸೈಟು, ಅದರ ತುಂಬ ನಾನು ಬರೆದ ಸುಳ್ಳು. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಬಿಟಿಎಂ ಲೇಔಟಿನಲ್ಲಿ ಒಂದು ದರ್ಶಿನಿಯ ಮೇಲಿನ ಮಹಡಿಯಲ್ಲಿ ಆರು ಜನ ಕೂತು ಊರವರಿಗೆಲ್ಲ ವೆಬ್‌ಸೈಟ್ ಮಾಡಿಕೊಡುತ್ತಿದ್ದೆವು. ಕೆಳಗಿನಿಂದ ಸಾಂಬಾರಿನ ಘಮ ಬರುತ್ತಿತ್ತು, ಗಾಜಿನ ಕ್ಯಾಬಿನ್ನಿನಿಂದ ಬಾಸಿನ ಐಡಿಯಾಗಳು ಬರುತ್ತಿದ್ದವು. ಎರಡರಲ್ಲಿ ಸಾಂಬಾರೇ ವಾಸಿ.

ಜಯನಗರದಲ್ಲಿ ಹುಟ್ಟಿ ಬೆಳೆದು, ಕನ್ನಡ ಎಂ.ಎ. ಮಾಡಿ, ಕಂಟೆಂಟ್ ರೈಟರ್ ಎಂಬ ಪದವಿಗೇರಿದವಳು ನಾನು. ಗ್ರಾನೈಟ್ ವ್ಯಾಪಾರಿಯೊಬ್ಬರ ಕಲ್ಲುಗಳ ಗುಣಗಾನ ಮಾಡಿದ್ದೆ, ಹಲ್ಲಿನ ಡಾಕ್ಟರೊಬ್ಬರಿಗೆ ‘ನಿಮ್ಮ ನಗುವೇ ನಮ್ಮ ಆಸ್ತಿ’ ಎಂದು ಬರೆದುಕೊಟ್ಟಿದ್ದೆ. ಸಾಹಿತ್ಯ ಸೇವೆ ಹೀಗೆ ನಡೆದಿರುವಾಗ ಆಫೀಸಿಗೆ ಸಿನಿಮಾ ಬಂತು.

ಒಂದಲ್ಲ, ಮೂರು. ಮೂರು ಭಾಗದ ಸರಣಿಯಂತೆ. ಮೊದಲ ಭಾಗದ ಶೂಟಿಂಗೇ ಅರ್ಧಕ್ಕೆ ನಿಂತಿತ್ತು, ಮೂರನೆಯ ಭಾಗದ ಕ್ಲೈಮ್ಯಾಕ್ಸಿನ ಬಗ್ಗೆ ಆಗಲೇ ಜಗಳ ನಡೆದು ಒಬ್ಬ ಕಥೆಗಾರ ಬಿಟ್ಟುಹೋಗಿದ್ದ. ಮುಂದೆ ಲೋಕವೆಲ್ಲ ಹಾಳಾಗುತ್ತದೆ ಎಂದು ಹೆದರಿಸುವ ಜಾತಿಯ ಕಥೆ. ನೀರು ಮುಗಿದುಹೋಗಿದೆ. ಒಗೆಯಲು ನೀರಿಲ್ಲದ್ದರಿಂದ ರಾಜಧಾನಿಯ ಶ್ರೀಮಂತರು ದಿನಕ್ಕೊಂದು ಹೊಸ ಬಟ್ಟೆ ತೊಟ್ಟು ಸಂಜೆ ಸುಟ್ಟುಹಾಕುತ್ತಾರೆ, ಉಳಿದ ಜನಕ್ಕೆ ಹುಟ್ಟಿನಿಂದ ಸಾವಿನವರೆಗೆ ಸರ್ಕಾರ ಕೊಟ್ಟ ಒಂದೇ ನಿಲುವಂಗಿ. ಬಾಸು ಇದನ್ನು ಕಣ್ಣರಳಿಸಿಕೊಂಡು ಹೇಳುತ್ತಿದ್ದ ಹೊತ್ತಿಗೆ ನಮ್ಮ ಮನೆಯ ನಲ್ಲಿಯಲ್ಲಿ ನೀರು ಬಂದು ಮೂರು ದಿನವಾಗಿತ್ತು. ಭವಿಷ್ಯವಂತೆ, ಭವಿಷ್ಯ.

ಬಾಸಿನ ಐಡಿಯಾ ಏನೆಂದರೆ, ಸಿನಿಮಾದೊಳಗಿನ ಆ ರಾಜಧಾನಿಯಲ್ಲಿ ಒಂದು ದೊಡ್ಡ ಸರ್ಕಾರಿ ಬಟ್ಟೆ ಅಂಗಡಿ ಇದೆಯಲ್ಲ, ಅದರ ವೆಬ್‌ಸೈಟನ್ನು ನಿಜವಾದ ಅಂಗಡಿಯದ್ದೇ ಎಂಬಂತೆ ಮಾಡಬೇಕು. ಸಿನಿಮಾ ಎಂಬ ಪದ ಎಲ್ಲೂ ಕಾಣಬಾರದು. ಹೀರೋ ಫೋಟೋ ಇರಬಾರದು. ಇದು ಆ್ಯಡ್ ಅಲ್ಲ ಮಗಾ, ಒಂದು ಲೋಕ, ಎಂದು ಅವನು ದಿನಕ್ಕೆ ಎಂಟು ಸಲ ಹೇಳುತ್ತಿದ್ದ. ಜನ ಆ ಲೋಕದೊಳಗೆ ತಾವಾಗಿಯೇ ನಡೆದು ಬರುತ್ತಾರೆ, ಕೊನೆಗೆ ಥಿಯೇಟರಿನ ಬಾಗಿಲಲ್ಲಿ ಹೊರಗೆ ಬೀಳುತ್ತಾರೆ ಎಂಬುದು ಲೆಕ್ಕಾಚಾರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎನ್ನುತ್ತಾರೆ. ನಾವು ಆ ಕುಲಾವಿಗೆ ಅಂಗಡಿಯನ್ನೇ ಇಟ್ಟೆವು.

ಫೋಟೋಗೆ ಬಟ್ಟೆ ಬೇಕಿತ್ತು. ಸಿನಿಮಾದಲ್ಲಿ ರಾಜಧಾನಿಯ ಶೂಟಿಂಗ್ ಇನ್ನೂ ಆಗಿರಲಿಲ್ಲ, ಅಲ್ಲಿನ ಬಟ್ಟೆಗಳು ಕಾಗದದ ಮೇಲಿನ ಚಿತ್ರಗಳಾಗಿಯೇ ಇದ್ದವು. ನಾನು ಆ ಚಿತ್ರಗಳನ್ನು ಹಿಡಿದುಕೊಂಡು ಜಯನಗರ ಫೋರ್ತ್ ಬ್ಲಾಕಿನಲ್ಲಿ ಅಮ್ಮನ ಬ್ಲೌಸ್ ಹೊಲಿಯುವ ಟೈಲರ್ ಹತ್ತಿರ ಹೋದೆ. ನಾನು ಲಂಗ ಹಾಕುತ್ತಿದ್ದ ಕಾಲದಿಂದಲೂ ನನ್ನನ್ನು ನೋಡಿದವರು, ಎಲ್ಲರಿಗೂ ಅವರು ಮಾಸ್ಟರ್. ಕೈಯಲ್ಲಿ ಬಂಗಾರದಂಥ ಕೆಲಸ, ಬಾಯಲ್ಲಿ ಬರೀ ಸುಳ್ಳು. ಸಂಕ್ರಾಂತಿಗೆ ಕೊಟ್ಟ ಬ್ಲೌಸು ಯುಗಾದಿ ದಾಟಿ ಬರುತ್ತಿತ್ತು. ಕೇಳಿದಾಗಲೆಲ್ಲ ನಾಳೆ ಸಂಜೆ ಬನ್ನಿ ಎನ್ನುತ್ತಿದ್ದರು. ಕಿವಿಯವರೆಗೆ ಎದ್ದ ಕಾಲರು, ಒಂದೇ ಭುಜಕ್ಕೆ ರೆಕ್ಕೆ ಇದ್ದ ಆ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನ ಹಾಕ್ಕೊಂಡು ಬಸ್ ಹತ್ತೋದು ಹೆಂಗಮ್ಮಾ ಎಂದರು. ಇಡೀ ಆಫೀಸಿನಲ್ಲಿ ಒಬ್ಬರಿಗೂ ಹೊಳೆಯದಿದ್ದ ಪ್ರಶ್ನೆ ಅದು. ಎರಡು ವಾರ ತಡವಾಗಿ ಮೂರು ಅಂಗಿ ಹೊಲಿದುಕೊಟ್ಟರು. ಅಕೌಂಟ್ಸ್ ಹುಡುಗಿಗೆ ತೊಡಿಸಿ, ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದೆವು. ರಾಜಧಾನಿ ಸಿದ್ಧವಾಯಿತು.

ಮಾತು ನನ್ನ ಪಾಲಿನದು. ಮೊದಲ ಪುಟಕ್ಕೆ ಹೀಗೆ ಬರೆದೆ: ‘ಇಲ್ಲಿ ಯಾರೂ ನಿಮ್ಮನ್ನು ಮುಟ್ಟಿ ಅಳತೆ ತೆಗೆಯುವುದಿಲ್ಲ. ನಿಮ್ಮ ಮೈಯಲ್ಲಿ ಏನು ಕಡಿಮೆಯಿದೆಯೋ ಅದನ್ನು ನಮ್ಮ ಬಟ್ಟೆ ತುಂಬುತ್ತದೆ. ಯಾರೂ ನೋಡುವುದಿಲ್ಲ, ಯಾರೂ ಕೇಳುವುದಿಲ್ಲ.’ ಓದಿದವರ ಮೈ ಜುಮ್ಮೆನ್ನಲಿ ಎಂದು ಬರೆದದ್ದು. ನಿಮ್ಮ ಮೈಯ ಇಂಚಿಂಚೂ ಆಗಲೇ ಗೊತ್ತಿರುವ ಕ್ರೂರ ಸರ್ಕಾರದ ನಯವಾದ ಮಾತು ಅದು. ವ್ಯಂಗ್ಯ, ಸ್ವಾಮಿ. ಎಂ.ಎ. ಪರೀಕ್ಷೆಯಲ್ಲಿ ವ್ಯಂಗ್ಯದ ಬಗ್ಗೆ ಪುಟಗಟ್ಟಲೆ ಬರೆದು ಬಂದವಳು ನಾನು, ನನಗೆ ಹೇಳಿಕೊಡಬೇಕೇ?

ಕೆಳಗೊಂದು ಅರ್ಜಿ ಇಟ್ಟೆವು. ಹೆಸರು, ಫೋನು, ಈಮೇಲು, ಕೊನೆಗೊಂದು ಪ್ರಶ್ನೆ: ‘ನೀವು ಮುಚ್ಚಿಡಬೇಕಾದದ್ದು ಏನು?’ ತುಂಬಿದವರಿಗೆಲ್ಲ ತಾನಾಗಿಯೇ ಒಂದು ಉತ್ತರ ಹೋಗುತ್ತಿತ್ತು, ‘ನಿಮ್ಮ ಅರ್ಜಿ ಅಂಗೀಕಾರವಾಗಿದೆ, ನಿಮಗೆ ಬಟ್ಟೆ ಸಿಕ್ಕೇ ಸಿಗುತ್ತದೆ’ ಎಂದು. ಅದೂ ನನ್ನ ಕೃತಿಯೇ. ಪುಟದ ತಳದಲ್ಲಿ ವಿಳಾಸ ಎಂದಿದ್ದ ಜಾಗದಲ್ಲಿ ನಮ್ಮ ಆಫೀಸಿನ ವಿಳಾಸ ಹಾಗೇ ಉಳಿದುಬಿಟ್ಟಿತ್ತು. ಅಳಿಸಲು ಮರೆತವಳು ನಾನು. ಬಾಸು ಅದನ್ನು ನೋಡಿ, ಇರಲಿ ಬಿಡು, ಸಖತ್ ನಿಜ ಅನ್ಸತ್ತೆ ಎಂದ. ಪತ್ರಿಕೆಯ ಪುರವಣಿಯಲ್ಲೂ ನನ್ನ ಆ ಮೂರು ಸಾಲು, ವೆಬ್‌ಸೈಟಿನ ಹೆಸರು, ಅಷ್ಟನ್ನೇ ಅಚ್ಚು ಮಾಡಿಸಿದೆವು.

ಅರ್ಜಿಗಳು ಬಂದವು. ಕಾಲೇಜು ಹುಡುಗರು ಮುಚ್ಚಿಡಬೇಕಾದದ್ದು ಮಾರ್ಕ್ಸ್ ಕಾರ್ಡು ಎಂದು ಬರೆದರು. ಒಬ್ಬ ಮಹಾನುಭಾವ ತನ್ನ ಬೋಳುತಲೆ ಎಂದಿದ್ದ, ಇನ್ನೊಬ್ಬ ಹೆಂಡತಿಯ ಬಾಯಿ ಎಂದಿದ್ದ. ಸಂಜೆ ಕಾಫಿಯ ಹೊತ್ತಿಗೆ ನಾನು ಎದ್ದುನಿಂತು ಅವನ್ನೆಲ್ಲ ಗಟ್ಟಿಯಾಗಿ ಓದುವುದು, ಉಳಿದ ಐವರು ಹೊಟ್ಟೆ ಹಿಡಿದುಕೊಂಡು ನಗುವುದು ಪದ್ಧತಿಯಾಯಿತು. ಚೆನ್ನಾಗಿರುವುದನ್ನು ಆರಿಸಿ, ಹೆಸರು ತೆಗೆದು, ‘ವಾರದ ಅರ್ಜಿ’ ಎಂದು ಸೈಟಿನಲ್ಲಿ ಹಾಕುತ್ತಿದ್ದೆವು.

ಒಂದು ದಿನ ಇಂಗ್ಲಿಷ್ ಅಕ್ಷರದಲ್ಲಿ ಬೆರಳಚ್ಚಿಸಿದ ಕನ್ನಡದ ಅರ್ಜಿಯೊಂದು ಬಂತು. ‘ಆಪರೇಷನ್ ಆಗಿದೆ. ಎಡಗಡೆಯ ಎದೆ ತೆಗೆದಿದ್ದಾರೆ. ಎರಡು ವರ್ಷದಿಂದ ಮುಚ್ಚಿಟ್ಟುಕೊಂಡೇ ಓಡಾಡುತ್ತಿದ್ದೇನೆ. ಬೇಗ ತಿಳಿಸಿ.’ ನಾನು ಓದಿದೆ. ಬಾಸು ಚಪ್ಪಾಳೆ ತಟ್ಟಿದ. ಯಾರೋ ಬುದ್ಧಿವಂತರು ನಮ್ಮ ಕರಾಳ ಲೋಕಕ್ಕೆ ತಕ್ಕ ಕರಾಳ ಪಾತ್ರ ಕಟ್ಟಿದ್ದಾರೆ ಎಂದು ಅವನ ತೀರ್ಮಾನ, ನನ್ನದೂ ಅದೇ. ಅರ್ಜಿ ಸ್ವಲ್ಪ ಒಣಗಿದಂತಿದೆ ಅನ್ನಿಸಿ ನಾನು ತಿದ್ದಿದೆ. ‘ಬೇಗ ತಿಳಿಸಿ’ ಎಂಬುದನ್ನು ಕಿತ್ತು, ‘ರಾಜಧಾನಿಗೆ ಜಯವಾಗಲಿ’ ಎಂದು ಸೇರಿಸಿದೆ. ಸೋಮವಾರ ವಾರದ ಅರ್ಜಿಯಾಗಿ ಅದು ಏರಿತು.

ಗುರುವಾರ ಕೊರಿಯರ್ ಬಂತು. ಅಂಗಡಿಯ ಹೆಸರಿಗೆ, ನಮ್ಮ ವಿಳಾಸಕ್ಕೆ. ಒಳಗೆ ಮೆರೂನ್ ರೇಷ್ಮೆಯ ಬ್ಲೌಸ್ ಪೀಸು, ಅಳತೆಗೆಂದು ಒಂದು ಹಳೆಯ ಬ್ಲೌಸು, ಪುರವಣಿಯಿಂದ ಕತ್ತರಿಸಿದ ನಮ್ಮದೇ ಜಾಹೀರಾತು, ಒಂದು ಪತ್ರ. ನಮ್ಮ ಕಡೆ ಟೈಲರಿಗೆ ಬಟ್ಟೆ ಕೊಡುವುದೆಂದರೆ ಸರಿಯಾಗಿ ಕೂರುವ ಹಳೆಯ ಬ್ಲೌಸೊಂದನ್ನು ಜೊತೆಗೆ ಕೊಡುವುದು. ಬರೆದ ಅಳತೆಯ ಮೇಲೆ ಯಾರಿಗೂ ನಂಬಿಕೆಯಿಲ್ಲ. ಭವಿಷ್ಯದ ರಾಜಧಾನಿಯಾದರೇನು, ಅಳತೆ ಬ್ಲೌಸ್ ಇಲ್ಲದೆ ಅವರು ತಾನೇ ಹೇಗೆ ಹೊಲಿಯುತ್ತಾರೆ? ಆ ಬ್ಲೌಸಿನ ಎಡಭಾಗದೊಳಗೆ ಕರ್ಚೀಫುಗಳನ್ನು ಮಡಿಸಿ ಕೈಯಿಂದ ಹೊಲಿದಿದ್ದರು. ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಗುರುತು ಮೂರು ನಾಲ್ಕು ಕಡೆ ಇತ್ತು. ಅದನ್ನು ಮೇಜಿನ ಮೇಲಿಟ್ಟು ಪತ್ರ ಬಿಡಿಸಿದೆ.

ಪತ್ರ ಒಂದು ಪುಟ, ದುಂಡು ಅಕ್ಷರ. ಅರೆಕೆರೆಯಲ್ಲಿ ವಾಸ, ಹೈಸ್ಕೂಲಿನಲ್ಲಿ ಗಣಿತದ ಟೀಚರ್. ತಿಂಗಳ ಕೊನೆಗೆ ನಿವೃತ್ತಿ, ಅಂದೇ ಶಾಲೆಯಲ್ಲಿ ಬೀಳ್ಕೊಡುಗೆ. ಆಪರೇಷನ್ ಆದಂದಿನಿಂದ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡೇ ಶಾಲೆಗೆ ಹೋಗುತ್ತಿದ್ದಾರೆ, ಏಪ್ರಿಲ್ ಬಿಸಿಲಲ್ಲೂ. ಕೇಳಿದವರಿಗೆಲ್ಲ ಶೀತದ ಮೈ ಎಂದು ಹೇಳಿದ್ದಾರೆ. ಆಸ್ಪತ್ರೆಯವರು ಕೊಟ್ಟ ಪ್ಯಾಡು ಕೈ ಎತ್ತಿದರೆ ಮೇಲಕ್ಕೆ ಜರುಗುತ್ತದೆ, ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುವಾಗ ಕೈ ಎತ್ತಲೇಬೇಕು. ಬೀದಿಯ ಟೈಲರಿಗೆ ಹೇಳಿದರೆ ಮರುದಿನ ಬೀದಿಗೆಲ್ಲ ಗೊತ್ತು. ‘ನೀವು ಮುಟ್ಟುವುದಿಲ್ಲ, ಕೇಳುವುದಿಲ್ಲ ಎಂದು ಬರೆದಿದ್ದೀರಿ. ಅರ್ಜಿ ಅಂಗೀಕಾರವಾಗಿದೆ ಎಂದೂ ತಿಳಿಸಿದ್ದೀರಿ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಕೊನೆಯ ಫೋಟೋದಲ್ಲಿ ಸ್ವೆಟರ್ ಬೇಡ.’

ಬಾಸಿಗೆ ತೋರಿಸಿದೆ. ಬ್ಲೌಸನ್ನು ಅವನು ಮುಟ್ಟಲಿಲ್ಲ, ಪತ್ರ ಓದಿದ, ಕುರ್ಚಿಗೆ ಒರಗಿದ. "ಗುರು, ಜನ ಅಳತೆ ಬ್ಲೌಸ್ ಕಳಿಸ್ತಿದಾರೆ ಅಂದ್ರೆ, ಇದಕ್ಕಿಂತ ಸಕ್ಸಸ್ ಬೇಕಾ?" ಎಂದ. ಆಮೇಲೆ ದೊಡ್ಡ ಮನಸ್ಸು ಮಾಡಿ, ಸಿನಿಮಾ ಬಂದಾಗ ಎರಡು ಟಿಕೆಟ್ ಫ್ರೀ ಎಂದು ಚೀಟಿ ಇಟ್ಟು ವಾಪಸ್ ಕಳಿಸು ಎಂದ. ಆ ಅರ್ಜಿಯನ್ನು ಸೈಟಿನಿಂದ ತೆಗೆಯೋಣ ಎಂದರೆ, ಶುಕ್ರವಾರದವರೆಗೆ ಇರಲಿ, ಜನ ನೋಡ್ತಿದಾರೆ ಎಂದ. ಅವನ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು. ಹಾಕಲಿಲ್ಲ, ತಿದ್ದಿ ಏರಿಸಿದ ಕೈ ನನ್ನದೇ ಆಗಿತ್ತಲ್ಲ. ಅವನು ಮನೆಗೆ ಹೋದ ಮೇಲೆ ಆ ಪುಟವನ್ನು ಅಳಿಸಿದೆ, ಪಾರ್ಸೆಲನ್ನು ಬ್ಯಾಗಿಗೆ ಹಾಕಿಕೊಂಡೆ. ಮರುದಿನ ಅವನು ಕೂಗಾಡಿದ್ದನ್ನು ಇಲ್ಲಿ ಬರೆದು ಕಾಗದ ಹಾಳು ಮಾಡುವುದಿಲ್ಲ.

ಬ್ಲೌಸನ್ನು ಮಾಸ್ಟರ್ ಮುಂದಿಟ್ಟೆ. ಹೇಗೆ ಹೇಳುವುದೆಂದು ನಾನು ತಡವರಿಸುತ್ತಿರುವಾಗಲೇ ಅವರು ಅದನ್ನು ಒಳಮಗ್ಗುಲಿಗೆ ತಿರುಗಿಸಿ, ಕರ್ಚೀಫುಗಳ ಮೇಲೆ ಬೆರಳಾಡಿಸಿ, ಯಾವಾಗ ಬೇಕಂತೆ ಎಂದರು. ಬೆಚ್ಚಿಬೀಳಲಿಲ್ಲ. ಇಂಥದ್ದು ಈ ಹಿಂದೆಯೂ ಹೊಲಿದಿದ್ದರಂತೆ. ಯಾರಿಗೆ ಎಂದು ನನ್ನ ಬಾಯಿಗೆ ಬಂದುಬಿಟ್ಟಿತು. ಅವರು ತಲೆಯೆತ್ತಿ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡೆ. ನಾನು ಕ್ರೂರ ಸರ್ಕಾರದ ಬಾಯಲ್ಲಿ ಇಟ್ಟಿದ್ದ ಮಾತನ್ನು ಈ ಮನುಷ್ಯ ವರ್ಷಗಟ್ಟಲೆ ಜಾಹೀರಾತಿಲ್ಲದೆ ನಡೆಸಿಕೊಂಡು ಬಂದಿದ್ದರು.

ಆದರೆ ಆ ಅಳತೆ ಬ್ಲೌಸು ಉಪಯೋಗಕ್ಕೆ ಬರದು ಎಂದರು. ಅದು ಆಪರೇಷನ್ನಿಗೆ ಮುಂಚಿನದು, ಅಳತೆಯೇ ಸುಳ್ಳು. ಈಗ ಎಡಗಡೆ ಕಂಕುಳು ಬೇರೆ, ಎದೆಗೆ ಹಿಡಿಯುವ ಟಕ್ಸ್ ಬೇರೆ. ಲೈನಿಂಗಿನೊಳಗೆ ಒಂದು ಜೇಬು ಕೂರಿಸಿದರೆ ಪ್ಯಾಡು ಅಲುಗುವುದಿಲ್ಲ, ಅದಕ್ಕೆ ಮೈ ಮೇಲಿನ ಅಳತೆಯೇ ಬೇಕು. "ನಾನು ಹೋಗೋ ಹಂಗಿಲ್ಲ. ನೀನೇ ತಗೋಬೇಕಮ್ಮ," ಎಂದು ಟೇಪು ಕೈಗಿತ್ತರು. ಕಟ್ಟೆಯ ಮೇಲಿದ್ದ ಗೊಂಬೆಯ ಮೇಲೆ ತೋರಿಸಿದರು. ಭುಜದಿಂದ ಎಷ್ಟು, ಕಂಕುಳ ಸುತ್ತು ಎಷ್ಟು, ಬೆನ್ನ ಅಗಲ ಎಷ್ಟು. ಎಡಕ್ಕೊಂದು ಬ್ಲೌಸು, ಬಲಕ್ಕೊಂದು ಬ್ಲೌಸು ಅಂತ ತಿಳಿದು ಬರ್ಕೊ, ಯಾವುದನ್ನೂ ಅಂದಾಜು ಮಾಡಬೇಡ ಎಂದರು.

ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿ, ಅಂಗಡಿಯವಳು ಎಂದು ಹೇಳಿಕೊಂಡು, ಭಾನುವಾರ ಅರೆಕೆರೆಗೆ ಹೋದೆ. ಸಣ್ಣಗಿನ, ನೆಟ್ಟಗೆ ನಿಲ್ಲುವ ಹೆಂಗಸು. ಸ್ವೆಟರ್ ಹಾಕಿದ್ದರು. ಗಂಡನನ್ನು ತರಕಾರಿಗೆಂದು ಹುಳಿಮಾವಿನವರೆಗೆ ಅಟ್ಟಿದ್ದರು. ಕಾಫಿ ಕೊಟ್ಟು, ನನ್ನ ಕೈಯಲ್ಲಿದ್ದ ಟೇಪು ನೋಡಿದರು.

"ಮುಟ್ಟಲ್ಲ ಅಂತ ಬರ್ದಿತ್ತಲ್ಲ?"

"ಹೌದು ಮೇಡಂ. ನಾನೇ ಬರ್ದಿದ್ದು," ಎಂದೆ. ತಪ್ಪಾಯಿತು ಎಂದು ಸೇರಿಸುವಷ್ಟು ಧೈರ್ಯವಿರಲಿಲ್ಲ.

ಅವರು ಟೇಪು ಇಸಿದುಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು ಮಾಸ್ಟರ್ ಕೊಟ್ಟ ಪಟ್ಟಿ ಓದಿದೆ, ಒಳಗಿನಿಂದ ಅವರು ಸಂಖ್ಯೆ ಹೇಳಿದರು. ಮಗ್ಗಿ ಹೇಳಿಸುವ ಗಟ್ಟಿ ದನಿ. ಕಾಲಿಂಚನ್ನೂ ಬಿಡಲಿಲ್ಲ. ಎಡಗಡೆಯ ಅಳತೆಯನ್ನೂ ಅದೇ ದನಿಯಲ್ಲಿ ಹೇಳಿದರು. ಕೊನೆಗೆ ಬೆನ್ನು ಉಳಿಯಿತು.

ಬಾಗಿಲು ತೆರೆಯಿತು. "ಬೆನ್ನಿಂದು ನಂಗೆ ಎಟಕಲ್ಲ. ಬಾಮ್ಮ," ಎಂದರು.

ನಾನು ಟೇಪು ಹಿಡಿದೆ. ಅವರ ಬೆನ್ನಿನ ಹಿಂದೆ ನಿಂತಿದ್ದರಿಂದಲೋ ಏನೋ ಬಾಯಿ ಬಂತು. ಅಂಗಡಿ ಇಲ್ಲ ಮೇಡಂ, ಅದು ಒಂದು ಸಿನಿಮಾದ ಪ್ರಚಾರ, ಎಲ್ಲಾ ಸುಳ್ಳು, ಆದರೆ ಬ್ಲೌಸು ನಿಜವಾಗಿ ಹೊಲಿಸಿಕೊಡ್ತೀನಿ, ಟೈಲರ್ ಒಳ್ಳೆಯವರು ಎಂದು ಒಂದೇ ಉಸಿರಿಗೆ ಒದರಿದೆ. ಅವರು ತಿರುಗಲಿಲ್ಲ.

"ನಾನು ಬರ್ದಿದ್ದನ್ನ ಎಷ್ಟು ಜನ ಓದಿದ್ರು?"

ಕಾಫಿಯ ಹೊತ್ತು, ಚಪ್ಪಾಳೆ, ಸೋಮವಾರದಿಂದ ಗುರುವಾರದವರೆಗೆ ಸೈಟಿನಲ್ಲಿದ್ದ ಪುಟ, ಎಲ್ಲ ಕಣ್ಣ ಮುಂದೆ ಬಂತು.

"ನಾನೊಬ್ಬಳೇ ಮೇಡಂ," ಎಂದೆ.

ಅವರು ಹೂಂ ಎಂದು, ಬೆನ್ನಿನ ಅಳತೆ ಎಷ್ಟು ಬಂತು ಎಂದು ಕೇಳಿದರು.

ಮಾಸ್ಟರ್ ಹೇಳಿದ ದಿನಕ್ಕೆ ಬ್ಲೌಸ್ ಕೊಟ್ಟರು. ಇದನ್ನು ಫೋರ್ತ್ ಬ್ಲಾಕಿನ ಯಾವ ಹೆಂಗಸೂ ನಂಬುವುದಿಲ್ಲ, ನನ್ನ ಅಮ್ಮನಂತೂ ಇವತ್ತಿಗೂ ನಂಬಿಲ್ಲ. ನಾನೇ ಹೋಗಿ ಕೊಟ್ಟು ಬಂದೆ. ಆ ಸಿನಿಮಾದ ಕಥೆಯನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಮೊದಲ ಭಾಗ ಬಿಡುಗಡೆಯಾಗಿ ವಾರ ತುಂಬುವ ಮೊದಲೇ ಎತ್ತಂಗಡಿಯಾಯಿತು, ಉಳಿದೆರಡು ಭಾಗ ಭವಿಷ್ಯದಲ್ಲೇ ಉಳಿದವು. ನಮ್ಮ ಲೋಕದೊಳಗೆ ನಡೆದು ಬಂದ ಜನ ಥಿಯೇಟರಿನ ಬಾಗಿಲನ್ನು ಹುಷಾರಾಗಿ ತಪ್ಪಿಸಿಕೊಂಡು ಹೋಗಿದ್ದರು.

ಬೀಳ್ಕೊಡುಗೆಗೆ ಟೀಚರ್ ನನ್ನನ್ನೂ ಕರೆದಿದ್ದರು. ಶಾಲೆಯ ಹಾಲಿನಲ್ಲಿ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಮೆರೂನ್ ಬ್ಲೌಸು, ಕೆನೆಬಣ್ಣದ ಸೀರೆ, ಸ್ವೆಟರ್ ಇಲ್ಲ. ಹೆಡ್‌ಮಾಸ್ಟರು ಸಮಯಪಾಲನೆಯ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಆಮೇಲೆ ಹಾರ ತಂದರು. ಟೀಚರ್ ಎರಡೂ ಕೈ ಎತ್ತಿ ಹಾರ ಸರಿ ಮಾಡಿಕೊಂಡರು, ತಲೆಯ ಮೇಲಕ್ಕೆತ್ತಿ ಕೈ ಮುಗಿದರು. ಬ್ಲೌಸು ಒಂದೆಳೆಯೂ ಜರುಗಲಿಲ್ಲ. ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ನನ್ನ ಬಗ್ಗೆ ನನಗೇ ಭಾರಿ ಮೆಚ್ಚುಗೆ ಹುಟ್ಟಿತು. ಮಾಡಿದ ತಪ್ಪನ್ನು ತಿದ್ದಿದೆ, ಒಂದು ಸಣ್ಣ ಸುಳ್ಳು ಹೇಳಿ ಒಬ್ಬರ ಮಾನ ಕಾಪಾಡಿದೆ, ಇನ್ನೇನು ನನಗೂ ಒಂದು ಶಾಲು ಹೊದಿಸಬಹುದು ಎಂಬಷ್ಟು.

ಕಾರ್ಯಕ್ರಮ ಮುಗಿದ ಮೇಲೆ ಅವರೇ ಬೂಂದಿ ಲಾಡು, ಖಾರ ಹಾಕಿದ ಪೇಪರ್ ತಟ್ಟೆ ತಂದು ನನ್ನ ಕೈಗೆ ಕೊಟ್ಟರು. ಬ್ಲೌಸು ಚೆನ್ನಾಗಿದೆ, ಟೈಲರಿಗೆ ಹೇಳು ಎಂದರು. ಆಮೇಲೆ ದನಿ ತಗ್ಗಿಸಿದರು.

"ಆ ಪೇಜು ನಾನು ನೋಡಿದ್ದೆ ಕಣಮ್ಮ. ನೀನು ಮನೆಗೆ ಬರೋ ಮುಂಚೇನೇ."

ಪಾರ್ಸೆಲು ಕಳಿಸಿದ ಮರುದಿನವಂತೆ. ಕಂಪ್ಯೂಟರ್ ಮೇಷ್ಟ್ರು ಸ್ಟಾಫ್ ರೂಮಿನವರನ್ನೆಲ್ಲ ಲ್ಯಾಬಿಗೆ ಕರೆದು, ಇದು ಯಾವುದೋ ಸಿನಿಮಾದ ಪ್ರಚಾರವಂತೆ, ಏನೇನು ತಮಾಷೆ ಮಾಡುತ್ತಾರೆ ನೋಡಿ ಎಂದು ತೋರಿಸಿದರಂತೆ. ವಾರದ ಅರ್ಜಿಯನ್ನು ಗಟ್ಟಿಯಾಗಿ ಓದಿದರಂತೆ. ‘ರಾಜಧಾನಿಗೆ ಜಯವಾಗಲಿ’ ಬಂದಾಗ ಎಲ್ಲರೂ ನಕ್ಕರಂತೆ.

"ಸುಮ್ನೆ ನಿಂತಿದ್ರೆ ಗೊತ್ತಾಗ್ಬಿಡುತ್ತಲ್ಲ. ನಾನೂ ನಕ್ಕೆ," ಎಂದರು.

ಎಲ್ಲಾ ಗೊತ್ತಿದ್ದೂ ನನ್ನನ್ನ ಯಾಕೆ ಒಳಗೆ ಬಿಟ್ರಿ ಮೇಡಂ ಎಂದು ಕೇಳಿದೆ.

ಅವರು ನನ್ನನ್ನು ನೋಡಿದರು, ಸುಲಭದ ಲೆಕ್ಕ ಬಾರದ ಹುಡುಗಿಯನ್ನು ನೋಡುವ ಹಾಗೆ. ಸಿಟ್ಟು ಇರಲಿಲ್ಲ.

"ನಂಗೆ ಬ್ಲೌಸ್ ಬೇಕಿತ್ತಲ್ಲಮ್ಮ."

ಅಷ್ಟರಲ್ಲಿ ಯಾರೋ ಫೋಟೋಗೆ ಕರೆದರು. ಅವರು ಸೆರಗು ಸರಿ ಮಾಡಿಕೊಂಡು ಹೋಗಿ ಕಂಪ್ಯೂಟರ್ ಮೇಷ್ಟ್ರ ಪಕ್ಕದಲ್ಲಿ ನಿಂತರು.